ಹಳೆಯ ಚಿತ್ರ, ಹೊಸ ಚಿತ್ರ: ಒಂದು ಅಂತರಿಕ್ಷ ಕಥೆಯ ರಸಿಕರ ವ್ಯಾಜ್ಯ

ಹಳೆಯದು ಮೇಲೋ ಹೊಸದು ಮೇಲೋ ಎಂಬ ಜಿಜ್ಞಾಸೆ ಇಂದು ನಿನ್ನೆಯದಲ್ಲ. ಕಾಳಿದಾಸನು ‘ಮಾಳವಿಕಾಗ್ನಿಮಿತ್ರ’ ನಾಟಕದ ಪ್ರಸ್ತಾವನೆಯಲ್ಲಿಯೇ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಭಾಸನೇ ಮೊದಲಾದ ಪ್ರಸಿದ್ಧರ ನಾಟಕಗಳಿರುವಾಗ ಈಗಿನ ಕಾಲದ ಈ ಕವಿಯ ಕೃತಿಗೆ ಇಷ್ಟು ಆದರವೇಕೆ ಎಂದು ಪಾರಿಪಾರ್ಶ್ವಕನು ಕೇಳುತ್ತಾನೆ. ಸೂತ್ರಧಾರನು ಅದಕ್ಕೆ ತಕ್ಕ ಉತ್ತರವಿತ್ತು ಹೊಸ ಕವಿಯ ಪರವಾಗಿ ನಿಲ್ಲುತ್ತಾನೆ. ಸ್ವಾರಸ್ಯವೇನೆಂದರೆ, ಅಂದು ಹೊಸಬನೆನಿಸಿಕೊಂಡಿದ್ದ ಆ ಕವಿಯೇ ಇಂದು ನಮಗೆ ಹಳಬರಲ್ಲಿ ಹಳಬ. ಹೊಸಬರನ್ನು ಅಳೆಯುವುದಕ್ಕೆ ನಾವು ಹಿಡಿಯುವ ಕೊಳಗವೂ ಅವನೇ ಆಗಿದ್ದಾನೆ.

ವಾಚಕ ಮಹಾಶಯರೇ, ಇಂಥದೇ ಒಂದು ವ್ಯಾಜ್ಯ ಅಮೆರಿಕಾ ದೇಶದಲ್ಲಿ ಹುಟ್ಟಿ ಸುಮಾರು ಅರ್ಧ ಶತಮಾನದಿಂದ ನಡೆದುಬಂದಿದೆ. ವಾದಿ ಪ್ರತಿವಾದಿಗಳು ಪಂಡಿತರಲ್ಲ. ಸಿನಿಮಾ ನೋಡಲು ಹೋದ ಹುಡುಗರು, ಆ ಹುಡುಗರ ತಂದೆತಾಯಿಗಳು, ತರುವಾಯ ಆ ಹುಡುಗರಿಗೇ ಹುಟ್ಟಿದ ಮಕ್ಕಳು. ವ್ಯಾಜ್ಯದ ವಸ್ತು ‘ಸ್ಟಾರ್ ವಾರ್ಸ್’, ಅಂದರೆ ‘ನಕ್ಷತ್ರ ಯುದ್ಧಗಳು’ ಎಂಬ ಚಿತ್ರಮಾಲೆ. ೧೯೭೭ರಿಂದ ೨೦೧೯ರವರೆಗೆ ನಲವತ್ತೆರಡು ವರ್ಷಗಳಲ್ಲಿ ಈ ಮಾಲೆಯ ಒಂಬತ್ತು ಮುಖ್ಯ ಚಿತ್ರಗಳು, ಮೂರು ಮೂರರ ಮೂರು ಗುಚ್ಛಗಳಾಗಿ, ತೆರೆಗೆ ಬಂದುವು. ಇವುಗಳಲ್ಲಿ ಯಾವ ಗುಚ್ಛ ಮೇಲು ಎಂಬುದೇ ಪ್ರಶ್ನೆ. ಹುಡುಗಾಟಿಕೆಯ ವಿಷಯವೆಂದು ತಾವು ಪುಟ ತಿರುವಬಾರದು. ಹೇಳಿದ ಕಥೆ ಹೇಳಿದವನದೋ ಕೇಳಿದವರದೋ, ಗ್ರಂಥಕರ್ತನು ತನ್ನ ಗ್ರಂಥವನ್ನು ಲೋಕಕ್ಕೆ ಕೊಟ್ಟಮೇಲೂ ತಿದ್ದಬಹುದೋ ಬಾರದೋ ಎಂಬ ಗಹನವಾದ ಪ್ರಶ್ನೆಗಳು ಈ ಜಗಳದೊಳಗೆ ಅಡಗಿವೆ. ಆದುದರಿಂದ ಇದರ ಇತಿಹಾಸವನ್ನು ಕ್ರಮವಾಗಿ ನೋಡೋಣ.

ಈ ಮಾಲೆಯ ಮೂಲಪುರುಷರು ಜಾರ್ಜ್ ಲೂಕಾಸ್. ೧೯೪೪ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಿನಲ್ಲಿ ಜನಿಸಿದವರು. ಅವರು ಚಿಕ್ಕಂದಿನಲ್ಲಿ ಮೆಚ್ಚಿದ್ದ ‘ಫ್ಲ್ಯಾಷ್ ಗಾರ್ಡನ್’ ಎಂಬ ಅಂತರಿಕ್ಷ ಸಾಹಸದ ಕಂತುಚಿತ್ರಗಳು ೧೯೩೬ರಲ್ಲಿ ಮೊದಲು ತೆರೆಕಂಡಿದ್ದುವು. ದೊಡ್ಡವರಾದ ಮೇಲೆ ಅದನ್ನೇ ಮತ್ತೆ ಚಿತ್ರಿಸಬೇಕೆಂದು ಅವರು ಹವಣಿಸಿದರು, ಹಕ್ಕು ದೊರೆಯಲಿಲ್ಲ. ಆಗ ತಮ್ಮದೇ ಕಥೆಯನ್ನು ಹೆಣೆಯಲು ಕುಳಿತರು. ಜಪಾನಿನ ಮಹಾ ನಿರ್ದೇಶಕ ಅಕಿರಾ ಕುರೊಸಾವಾ ಅವರ ೧೯೫೮ರ ‘ಗುಪ್ತ ದುರ್ಗ’ ಎಂಬ ಚಿತ್ರದಲ್ಲಿ ರಾಜಕುಮಾರಿಯ ಪಲಾಯನದ ಕಥೆ ಇಬ್ಬರು ಬಡ ರೈತರ ಕಣ್ಣಿನ ಮೂಲಕ ಸಾಗುತ್ತದೆ. ಆ ಉಪಾಯವನ್ನು ಲೂಕಾಸ್ ಎತ್ತಿಕೊಂಡು, ರೈತರ ಸ್ಥಾನದಲ್ಲಿ ಎರಡು ಯಂತ್ರಮಾನವರನ್ನು ನಿಲ್ಲಿಸಿದರು. ಹೀಗೆ, ಇಂದು ಯಾವುದನ್ನು ‘ಮೂಲ’ವೆಂದು ರಸಿಕರು ಪೂಜಿಸುತ್ತಾರೋ ಅದೂ ಹಳೆಯದರ ಹೊಸ ಅವತಾರವೇ ಆಗಿತ್ತು. ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಥೆ ಸರಳ. ಮರಳುಗಾಡಿನ ಗ್ರಹವೊಂದರಲ್ಲಿ ಲ್ಯೂಕ್ ಸ್ಕೈವಾಕರ್ ಎಂಬ ಹುಡುಗ ಚಿಕ್ಕಪ್ಪನ ಹೊಲದಲ್ಲಿ ದುಡಿಯುತ್ತಿರುತ್ತಾನೆ. ದುಷ್ಟ ಸಾಮ್ರಾಜ್ಯದ ಸೆರೆಯಲ್ಲಿರುವ ರಾಜಕುಮಾರಿ ಲೇಯಾಳ ಮೊರೆ ಅವನ ಕಿವಿಗೆ ಬೀಳುತ್ತದೆ. ಓಬಿ-ವಾನ್ ಎಂಬ ವೃದ್ಧ ಯೋಧ ಅವನಿಗೆ ಗುರುವಾಗುತ್ತಾನೆ. ಹ್ಯಾನ್ ಸೋಲೋ ಎಂಬ ಹಣದಾಸೆಯ ಕಳ್ಳಸಾಗಣೆಗಾರ ಜೊತೆಗೂಡುತ್ತಾನೆ. ಎದುರಿಗೆ ಕಪ್ಪು ಕವಚ ತೊಟ್ಟ ಡಾರ್ತ್ ವೇಡರ್. ಜಗತ್ತನ್ನೆಲ್ಲ ವ್ಯಾಪಿಸಿರುವ ‘ಫೋರ್ಸ್’ ಎಂಬ ಶಕ್ತಿಯೊಂದನ್ನು ಸಾಧನೆಯಿಂದ ವಶಪಡಿಸಿಕೊಳ್ಳಬಹುದೆಂಬುದು ಕಥೆಯ ತತ್ತ್ವಭಾಗ. ಗುರು, ಶಿಷ್ಯ, ಅಸ್ತ್ರವಿದ್ಯೆ, ಸೆರೆಯಲ್ಲಿರುವ ರಾಜಕುಮಾರಿ, ಇವೆಲ್ಲ ನಮಗೆ ಅಪರಿಚಿತವಲ್ಲ.

ಆದರೆ ಕಟ್ಟಿದ ಬಗೆ ಅಪೂರ್ವವಾಗಿತ್ತು. ಅಂಥ ದೃಶ್ಯಗಳನ್ನು ರಚಿಸಬಲ್ಲ ಕಾರ್ಯಾಗಾರ ಇರಲಿಲ್ಲವಾಗಿ, ಲೂಕಾಸ್ ೧೯೭೫ರಲ್ಲಿ ತಮ್ಮದೇ ಒಂದನ್ನು ಸ್ಥಾಪಿಸಿದರು. ತರುಣ ಕುಶಲಕರ್ಮಿಗಳು ಒಂದು ಗೋದಾಮಿನಲ್ಲಿ ಪುಟ್ಟ ಪುಟ್ಟ ಅಂತರಿಕ್ಷ ನೌಕೆಗಳ ಮಾದರಿಗಳನ್ನು ಕೈಯಿಂದ ಕಟ್ಟಿದರು. ಮಾದರಿಯನ್ನು ನಿಲ್ಲಿಸಿ, ಕ್ಯಾಮೆರಾವನ್ನೇ ಯಂತ್ರದ ಹಿಡಿತದಲ್ಲಿ ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಓಡಿಸಿ ಚಿತ್ರ ತೆಗೆಯುವ ಉಪಕರಣವನ್ನು ಜಾನ್ ಡೈಕ್‌ಸ್ಟ್ರಾ ಮತ್ತು ಸಂಗಡಿಗರು ರಚಿಸಿದರು. ನೌಕೆಗಳಿಗೆ ಮಸಿ, ಗೀರು, ತುಕ್ಕು ಬಳಿದರು. ಅಲ್ಲಿಯವರೆಗಿನ ಚಿತ್ರಗಳಲ್ಲಿ ಅಂತರಿಕ್ಷವೆಂದರೆ ಥಳಥಳಿಸುವ ಲೋಹ. ಇಲ್ಲಿ ಮಾತ್ರ ಹತ್ತು ವರ್ಷ ದುಡಿದು ಸವೆದ ಬಸ್ಸಿನಂಥ ನೌಕೆ. ಆ ಮಾಸಲುತನದಿಂದಲೇ ನಂಬಿಕೆ ಹುಟ್ಟಿತು.

ರೇಡಿಯೋ ಕೇಳುವ ತಮಗೆ ಶಬ್ದದ ವಿಷಯ ಹೆಚ್ಚು ರುಚಿಸಬಹುದು. ಬೆನ್ ಬರ್ಟ್ ಎಂಬ ಶಬ್ದಶಿಲ್ಪಿ, ಬೆಳಕಿನ ಖಡ್ಗದ ಗುಂಯ್‌ಗುಡುವಿಕೆಯನ್ನು ಹಳೆಯ ಪ್ರೊಜೆಕ್ಟರಿನ ಮೋಟಾರು ಸದ್ದಿನಿಂದಲೂ ಟೆಲಿವಿಷನ್ ಪೆಟ್ಟಿಗೆಯ ಹತ್ತಿರ ಮೈಕನ್ನು ಒಯ್ದಾಗ ಹುಟ್ಟಿದ ಕೊರೆತದಿಂದಲೂ ಕಲ್ಪಿಸಿದರು. ಶತ್ರುನೌಕೆಯ ಚೀತ್ಕಾರ ಆನೆಯ ಘೀಳು ಮತ್ತು ಒದ್ದೆ ರಸ್ತೆಯ ಮೇಲೆ ಓಡುವ ಕಾರಿನ ಸದ್ದಿನ ಮಿಶ್ರಣ. ಡಾರ್ತ್ ವೇಡರನ ಉಸಿರು, ನೀರಿನಡಿ ಮುಳುಗುವವರು ಬಳಸುವ ಉಸಿರಾಟದ ಉಪಕರಣದ ಸದ್ದು. ಆ ಪಾತ್ರಕ್ಕೆ ದೇಹ ಕೊಟ್ಟವರು ಡೇವಿಡ್ ಪ್ರೌಸ್. ಧ್ವನಿ ಕೊಟ್ಟವರು ಜೇಮ್ಸ್ ಅರ್ಲ್ ಜೋನ್ಸ್. ಪಾತ್ರ ಲೋಕದ ನೆನಪಿನಲ್ಲಿ ಉಳಿದದ್ದು ಬಹುಮಟ್ಟಿಗೆ ಧ್ವನಿಯಿಂದ.

೧೯೭೭ನೆಯ ಇಸವಿ ಮೇ ೨೫ರಂದು ಚಿತ್ರ ಬಿಡುಗಡೆಯಾಯಿತು. ಹಣ ಹೂಡಿದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪೆನಿಯಲ್ಲಿಯೇ ಅನೇಕರಿಗೆ ಇದರಲ್ಲಿ ಭರವಸೆ ಇರಲಿಲ್ಲ. ಖರ್ಚಾಗಿದ್ದುದು ಸುಮಾರು ೧ ಕೋಟಿ ೧೦ ಲಕ್ಷ ಡಾಲರು. ಮೊದಲ ದಿನ ಚಿತ್ರ ತೋರಿಸಿದ ಮಂದಿರಗಳು ಕೇವಲ ೩೨. ಕೆಲವೇ ದಿನಗಳಲ್ಲಿ ಜನ ಬೀದಿಯುದ್ದಕ್ಕೂ ಸಾಲುಗಟ್ಟಿದರು. ಮರುವರ್ಷದ ಆಸ್ಕರ್ ಸಮಾರಂಭದಲ್ಲಿ ಆರು ಪ್ರಶಸ್ತಿಗಳೂ, ಶಬ್ದಶಿಲ್ಪಿ ಬರ್ಟ್ ಅವರಿಗೆ ವಿಶೇಷ ಪುರಸ್ಕಾರವೂ ಸಂದುವು. ಗೊಂಬೆ ತಯಾರಿಸುವ ಕಂಪೆನಿ ಇಷ್ಟು ಬೇಡಿಕೆಯನ್ನು ಎಣಿಸಿರಲಿಲ್ಲವಾಗಿ, ಆ ವರ್ಷದ ಕ್ರಿಸ್‌ಮಸ್ಸಿಗೆ ಮಕ್ಕಳಿಗಾಗಿ ಮಾರಿದ್ದು ಖಾಲಿ ಡಬ್ಬ ಮತ್ತು ಗೊಂಬೆಗಳನ್ನು ಮುಂದೆ ಕಳುಹಿಸುತ್ತೇವೆಂಬ ಚೀಟಿ! ಆ ಖಾಲಿ ಡಬ್ಬವನ್ನೂ ಮಕ್ಕಳು ಅಕ್ಕರೆಯಿಂದ ಇಟ್ಟುಕೊಂಡರು.

೧೯೮೧ರಲ್ಲಿ ಈ ಕಥೆ ರೇಡಿಯೋ ನಾಟಕವೂ ಆಯಿತು. ತಾವು ಓದಿದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬಾನುಲಿ ಕೇಂದ್ರಕ್ಕೆ ಲೂಕಾಸ್ ಕೇವಲ ಒಂದು ಡಾಲರಿಗೆ ಹಕ್ಕನ್ನು ಬಿಟ್ಟುಕೊಟ್ಟರು. ಬ್ರಯನ್ ಡೇಲಿ ಬರೆದ ಹದಿಮೂರು ಕಂತುಗಳ ಆ ನಾಟಕವನ್ನು ಅಮೆರಿಕಾದ ರಾಷ್ಟ್ರೀಯ ಸಾರ್ವಜನಿಕ ರೇಡಿಯೋ ಪ್ರಸಾರಮಾಡಿತು. ಎರಡು ಗಂಟೆಯ ಚಿತ್ರ ಸುಮಾರು ಆರು ಗಂಟೆಯ ಶ್ರವ್ಯನಾಟಕವಾಗಿ ಬೆಳೆಯಿತು. ಲ್ಯೂಕನ ಪಾತ್ರಕ್ಕೆ ಚಿತ್ರದ ನಟ ಮಾರ್ಕ್ ಹ್ಯಾಮಿಲ್ ಅವರೇ ಬಂದರು. ವೇಡರನ ಧ್ವನಿ ಮಾತ್ರ ಬೇರೆಯಾಯಿತು. ಕಣ್ಣಿನ ಹಬ್ಬವೆಂದು ಹೆಸರಾದ ಕಥೆ ಕಣ್ಣಿಲ್ಲದೆಯೂ ನಿಂತಿತೆಂಬುದು ಅದರ ಕಥಾಬಲಕ್ಕೆ ಸಾಕ್ಷಿ.

ಇನ್ನು ಹೋಲಿಕೆಯ ಕಥೆಗೆ ಬರೋಣ. ಎರಡನೆಯ ಚಿತ್ರ ಬಂದ ದಿನವೇ ಹೋಲಿಕೆಯೂ ಹುಟ್ಟಿತು. ೧೯೮೦ರಲ್ಲಿ ಬಂದ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರವನ್ನು ನಿರ್ದೇಶಿಸಿದವರು ಅರ್ವಿನ್ ಕರ್ಶ್‌ನರ್. ಮೊದಲನೆಯದು ಹಬ್ಬದಂತಿದ್ದರೆ ಇದು ಹಬ್ಬದ ಮರುದಿನದಂತಿತ್ತು. ನಾಯಕನು ಸೋಲುತ್ತಾನೆ, ಒಂದು ಕೈಯನ್ನು ಕಳೆದುಕೊಳ್ಳುತ್ತಾನೆ. ಕೊಲ್ಲಬೇಕೆಂದಿದ್ದ ವೇಡರನೇ ತನ್ನ ಹೆತ್ತ ತಂದೆಯೆಂದು ಕೇಳುತ್ತಾನೆ. ಮಿತ್ರನೊಬ್ಬ ಶತ್ರುವಿನ ಕೈಯಲ್ಲಿ ಉಳಿಯುತ್ತಾನೆ. ಮಂಗಳ ಹಾಡದೆಯೇ ಬಯಲಾಟವನ್ನು ನಿಲ್ಲಿಸಿದ ಹಾಗಾಯಿತು. ಅಂದಿನ ವಿಮರ್ಶಕರಲ್ಲಿ ಹಲವರು ಮೊದಲ ಚಿತ್ರದ ಲವಲವಿಕೆ ಇದರಲ್ಲಿಲ್ಲವೆಂದು ಮುಖ ಸಿಂಡರಿಸಿದರು. ಇಂದು ರಸಿಕರನ್ನು ಕೇಳಿದರೆ ಬಹುಮಂದಿ ಇಡೀ ಮಾಲೆಯಲ್ಲಿ ಇದೇ ಶ್ರೇಷ್ಠವೆನ್ನುತ್ತಾರೆ. ೧೯೮೩ರಲ್ಲಿ ಬಂದ ಮೂರನೆಯ ಚಿತ್ರ ‘ರಿಟರ್ನ್ ಆಫ್ ದಿ ಜೆಡೈ’. ಅದರಲ್ಲಿ ಕರಡಿಮರಿಯಂಥ ‘ಈವಾಕ್’ ಎಂಬ ಕಾಡುಜೀವಿಗಳು ಸಾಮ್ರಾಜ್ಯದ ಸೈನ್ಯವನ್ನು ಕಲ್ಲು ಮರಗಳಿಂದ ಸೋಲಿಸುವುದನ್ನು ಕಂಡು, ಮೊದಲ ಚಿತ್ರದ ಕಾಲಕ್ಕೆ ಹುಡುಗರಾಗಿದ್ದು ಆ ವೇಳೆಗೆ ಮೀಸೆ ಮೂಡಿದ್ದವರು ಇದು ಮಕ್ಕಳಾಟವೆಂದರು. ಆಗ ಐದಾರು ವರ್ಷದವರಾಗಿದ್ದ ಮಕ್ಕಳಿಗೆ ಈವಾಕುಗಳೇ ಪ್ರಾಣ. ಬಿರುಕು ಅಲ್ಲಿಂದಲೇ ಕಾಣಿಸಿಕೊಂಡಿತೆನ್ನಬೇಕು.

ಅನಂತರ ಹದಿನಾರು ವರ್ಷ ಮಾಲೆಯ ಹೊಸ ಚಿತ್ರ ಬರಲಿಲ್ಲ. ಆದರೆ ೧೯೯೭ರಲ್ಲಿ ಹಳೆಯ ಮೂರೂ ಚಿತ್ರಗಳು ‘ವಿಶೇಷ ಆವೃತ್ತಿ’ ಎಂಬ ಹೆಸರಿನಲ್ಲಿ ಮತ್ತೆ ತೆರೆಗೆ ಬಂದುವು. ಗಣಕಯಂತ್ರದ ನೆರವಿನಿಂದ ಲೂಕಾಸ್ ಹೊಸ ದೃಶ್ಯಗಳನ್ನು ಸೇರಿಸಿದ್ದರು, ಹಳೆಯ ದೃಶ್ಯಗಳನ್ನು ತಿದ್ದಿದ್ದರು. ಜನ ಮುಗಿಬಿದ್ದು ನೋಡಿದರು. ನೋಡಿ ಬಂದು ಜಗಳಕ್ಕೆ ನಿಂತರು.

ಒಂದೇ ಒಂದು ನಿದರ್ಶನ ಸಾಕು. ಮೊದಲ ಚಿತ್ರದ ಹೋಟೆಲ್ ದೃಶ್ಯದಲ್ಲಿ ಗ್ರೀಡೋ ಎಂಬ ಬಾಡಿಗೆ ಬಂಟನು ಹ್ಯಾನ್ ಸೋಲೋನಿಗೆ ಪಿಸ್ತೂಲು ಹಿಡಿದು ಎದುರು ಕೂರುತ್ತಾನೆ. ೧೯೭೭ರ ಪಾಠದಲ್ಲಿ ಹ್ಯಾನ್ ಮೇಜಿನ ಕೆಳಗಿನಿಂದ ಗುಂಡು ಹಾರಿಸಿ ಅವನನ್ನು ಕೊಲ್ಲುತ್ತಾನೆ. ೧೯೯೭ರ ಪಾಠದಲ್ಲಿ ಗ್ರೀಡೋ ಮೊದಲು ಹಾರಿಸಿ ಗುರಿತಪ್ಪುತ್ತಾನೆ, ಆಮೇಲೆ ಹ್ಯಾನ್. ೨೦೦೪ರ ಪಾಠದಲ್ಲಿ ಇಬ್ಬರೂ ಹೆಚ್ಚುಕಡಮೆ ಏಕಕಾಲಕ್ಕೆ ಹಾರಿಸುತ್ತಾರೆ. ೨೦೧೯ರ ಪಾಠದಲ್ಲಿ ಗ್ರೀಡೋ ಸಾಯುವ ಮುನ್ನ ‘ಮೆಕ್ಲಂಕಿ’ ಎಂಬ ಒಂದು ಮಾತನ್ನೂ ಆಡುತ್ತಾನೆ! ಪಾಠಾಂತರಗಳೆಂದರೆ ಇವೇ ಅಲ್ಲವೆ? ಕ್ಷಣಮಾತ್ರದ ಈ ಬದಲಾವಣೆಗೆ ಇಷ್ಟು ಕೋಪವೇಕೆಂದು ತಾವು ಕೇಳಬಹುದು. ಕಾರಣವುಂಟು. ಹ್ಯಾನ್ ಸೋಲೋ ಸ್ವಾರ್ಥಿಯಾಗಿ ಬಂದು, ಕಥೆಯ ಕೊನೆಯಲ್ಲಿ ಮಿತ್ರರಿಗಾಗಿ ಪ್ರಾಣವನ್ನೇ ಪಣಕ್ಕಿಡುವವನು. ಅವನು ಎಷ್ಟು ಕೆಳಗಿದ್ದನೆಂಬುದು ಕಂಡರೆ ತಾನೆ ಎಷ್ಟು ಮೇಲೇರಿದನೆಂಬುದು ತಿಳಿಯುವುದು? ಮೊದಲೇ ಅವನ ಕೈಯನ್ನು ತೊಳೆದುಬಿಟ್ಟರೆ ಪಾತ್ರದ ಪರಿಪಾಕಕ್ಕೆ ಇಂಬೆಲ್ಲಿ? ಇದನ್ನು ಕಂಡವರು ಅಲಂಕಾರಶಾಸ್ತ್ರ ಓದಿದವರಲ್ಲ, ಸಿನಿಮಾ ಗೀಳಿನ ತರುಣರು. ಆದರೂ ಅವರ ಆಕ್ಷೇಪ ಔಚಿತ್ಯದ ತಕ್ಕಡಿಯಲ್ಲಿ ಸರಿಯಾಗಿಯೇ ತೂಗುತ್ತದೆ.

ಇದಕ್ಕೂ ಒಂದು ಪೂರ್ವಕಥೆಯುಂಟು. ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಮಾಲೀಕರು ಬಣ್ಣ ಬಳಿದು ಮಾರತೊಡಗಿದಾಗ, ೧೯೮೮ರಲ್ಲಿ ಲೂಕಾಸ್ ಅವರೇ ಅಮೆರಿಕಾದ ಶಾಸನಸಭೆಯ ಸಮಿತಿಯೆದುರು ನಿಂತು, ಕಲಾಕೃತಿಗಳನ್ನು ಹೀಗೆ ವಿರೂಪಗೊಳಿಸುವುದು ರಾಷ್ಟ್ರದ ಸಂಸ್ಕೃತಿಗೆ ಅಪಚಾರವೆಂದು ವಾದಿಸಿದ್ದರು. ಮರುವರ್ಷವೇ, ಸಂರಕ್ಷಿಸಬೇಕಾದ ರಾಷ್ಟ್ರೀಯ ಚಿತ್ರಗಳ ಮೊಟ್ಟಮೊದಲ ಪಟ್ಟಿಗೆ ಸೇರಿದ ೨೫ ಚಿತ್ರಗಳಲ್ಲಿ ‘ಸ್ಟಾರ್ ವಾರ್ಸ್’ ಒಂದಾಯಿತು. ಅಂದು ಹಾಗೆಂದವರು ಇಂದು ಹೀಗೆ ಮಾಡಬಹುದೇ ಎಂಬುದು ರಸಿಕರ ಸವಾಲು. ಲೂಕಾಸರ ಪರ ಹೇಳುವವರ ಮಾತೂ ಅಲ್ಲಗಳೆಯತಕ್ಕದ್ದಲ್ಲ: ಪರರು ತಿದ್ದುವುದು ಬೇರೆ, ಕರ್ತೃವೇ ತಿದ್ದುವುದು ಬೇರೆ, ೧೯೭೭ರಲ್ಲಿ ಹಣವೂ ಸಮಯವೂ ಸಾಲದೆ ಅರೆಯಾಗಿ ಉಳಿದುದನ್ನು ಅವರು ಪೂರ್ಣಮಾಡಿದರು, ಅಷ್ಟೇ.

ಎರಡು ಪಕ್ಷಕ್ಕೂ ನ್ಯಾಯ ಸಲ್ಲುವ ದಾರಿಯೊಂದಿತ್ತು. ಹೊಸ ಪಾಠದ ಪಕ್ಕದಲ್ಲಿ ಹಳೆಯ ಪಾಠವನ್ನೂ ಉಳಿಸಿಕೊಡುವುದು. ಹಾಗಾಗದೆ, ತಿದ್ದಿದ ಚಿತ್ರವೇ ಎಲ್ಲೆಡೆ ದೊರೆಯತೊಡಗಿ ಮೂಲಚಿತ್ರ ಮರೆಯಾಯಿತು. ೨೦೦೬ರಲ್ಲೊಮ್ಮೆ ಅದನ್ನು ಡಿವಿಡಿಯಲ್ಲಿ ಉಪಾಂಗವಾಗಿ ಕೊಟ್ಟರಾದರೂ ಹಳೆಯ ಮಾತೃಕೆಯಿಂದ ತೆಗೆದುದಾದ್ದರಿಂದ ಬಿಂಬ ಸ್ಫುಟವಾಗಿರಲಿಲ್ಲ. ಆಗ ರಸಿಕರು ಕೈಗೊಂಡ ಕೆಲಸವನ್ನು ನೋಡಿದರೆ ಹಳಗನ್ನಡ ಗ್ರಂಥ ಸಂಪಾದಕರ ನೆನಪಾಗುತ್ತದೆ. ೧೯೭೭ರ ಕಾಲದ ಫಿಲ್ಮ್ ಸುರುಳಿಗಳನ್ನು ಸಂಗ್ರಾಹಕರಿಂದ ಹುಡುಕಿ ತಂದರು. ಒಂದೊಂದು ಚೌಕಟ್ಟನ್ನೂ ಶುಚಿಮಾಡಿದರು. ಒಂದು ಪ್ರತಿಯಲ್ಲಿ ಹರಿದುಹೋದುದನ್ನು ಇನ್ನೊಂದರಿಂದ ತುಂಬಿದರು. ಪ್ರಕ್ಷಿಪ್ತವಾವುದು ಮೂಲವಾವುದು ಎಂದು ಪಟ್ಟಿಮಾಡಿದರು. ಹಕ್ಕುದಾರರ ಅನುಮತಿಯಿಲ್ಲದ ಈ ಕೆಲಸಕ್ಕೆ ಕಾನೂನಿನ ಒಪ್ಪಿಗೆ ಇಲ್ಲವೆಂಬುದು ನಿಜ. ಆದರೂ ಆ ಶ್ರದ್ಧೆ ಸಣ್ಣದಲ್ಲ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ವಿದ್ವಾಂಸರು ೧೯೧೯ರಲ್ಲಿ ಆರಂಭಿಸಿ ೧೯೬೬ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣವೂ ಇದೇ ಜಾತಿಯ ಶ್ರದ್ಧೆಯಿಂದ ಹುಟ್ಟಿದುದು. ಭೇದವಿಷ್ಟೇ: ಅಲ್ಲಿ ಸೇರಿಸಿದವರು ಹೆಸರಿಲ್ಲದ ಲಿಪಿಕಾರರು, ಇಲ್ಲಿ ಸೇರಿಸಿದವನು ಕವಿಯೇ.

೧೯೯೯ರ ಮೇ ೧೯ರಂದು ಬಹುಕಾಲ ಕಾದ ಹೊಸ ಗುಚ್ಛದ ಮೊದಲ ಚಿತ್ರ ‘ದಿ ಫ್ಯಾಂಟಮ್ ಮೆನೇಸ್’ ಬಂದಿತು. ಹಿಂದಿನ ಕಥೆಗೂ ಹಿಂದಿನ ಕಥೆಯಿದು; ಡಾರ್ತ್ ವೇಡರ್ ಇನ್ನೂ ಆನಕಿನ್ ಎಂಬ ಮುಗ್ಧ ಬಾಲಕನಾಗಿದ್ದ ಕಾಲದ್ದು. ನಿರೀಕ್ಷೆ ಎಷ್ಟಿತ್ತೆಂದರೆ, ಇದರ ಎರಡು ನಿಮಿಷದ ಮುನ್ನೋಟವನ್ನು ನೋಡುವ ಸಲುವಾಗಿಯೇ ಬೇರೆ ಚಿತ್ರಗಳಿಗೆ ಟಿಕೆಟ್ ಕೊಂಡು, ಮುನ್ನೋಟ ಮುಗಿದೊಡನೆ ಎದ್ದುಹೋದವರಿದ್ದರು. ೧೯೭೭ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನಿಗೆ ಆಗ ಮೂವತ್ತೆರಡು. ಅವನು ಚಿತ್ರಮಂದಿರಕ್ಕೆ ಹೋದದ್ದು ಹೊಸ ಚಿತ್ರವನ್ನು ನೋಡಲಿಕ್ಕಲ್ಲ, ತನ್ನ ಹತ್ತನೆಯ ವಯಸ್ಸನ್ನು ಮರಳಿ ಪಡೆಯಲಿಕ್ಕೆ. ಅದನ್ನು ಯಾವ ಚಿತ್ರ ತಾನೆ ಕೊಟ್ಟೀತು?

ನಿರಾಶೆ ದೊಡ್ಡದಾಯಿತು. ಮಾತುಗಳು ಮರಗಟ್ಟಿವೆ, ವ್ಯಾಪಾರ ಸುಂಕ ಮತ್ತು ಸಭೆಗಳ ಚರ್ಚೆ ಅತಿಯಾಯಿತು, ಗಣಕಯಂತ್ರದ ಚಿತ್ರಗಳಿಗೆ ತೂಕವಿಲ್ಲ ಎಂದು ದೂರು ಹರಿದುಬಂದಿತು. ಈ ದೂರುಗಳಲ್ಲಿ ನಿಜಾಂಶವಿದ್ದರೂ ಪೂರ್ತಿ ನಿಜವಲ್ಲ. ಕೈಯಿಂದ ಕಟ್ಟಿದ ಮಾದರಿಗಳನ್ನು ಈ ಚಿತ್ರದಲ್ಲಿಯೂ ಹೇರಳವಾಗಿ ಬಳಸಿದ್ದರು. ಓಟದ ಪಂದ್ಯದ ದೃಶ್ಯದಲ್ಲಿ ದೂರದ ಜನಸಮೂಹವಾಗಿ ಕಾಣುವುದು ಬಣ್ಣ ಹಚ್ಚಿ ನೆಟ್ಟ ಸಾಲು ಸಾಲು ಹತ್ತಿಯ ಕಡ್ಡಿಗಳು. ಇನ್ನೊಂದು ಸಂಗತಿ ನಮ್ಮವರಿಗೆ ವಿಶೇಷ. ಕೊನೆಯ ಕತ್ತಿವರಸೆಯ ದೃಶ್ಯಕ್ಕೆ ಸಂಗೀತ ರಚಿಸಿದ ಜಾನ್ ವಿಲಿಯಮ್ಸ್, ವೃಂದಗಾನಕ್ಕೆ ಆರಿಸಿಕೊಂಡದ್ದು ಸಂಸ್ಕೃತವನ್ನು. ವೇಲ್ಸ್ ದೇಶದ ಪ್ರಾಚೀನ ಕಾವ್ಯವೊಂದರ ಇಂಗ್ಲೀಷ್ ರೂಪದಿಂದ ಕೆಲವು ಪದಗಳನ್ನು ಸಂಸ್ಕೃತಕ್ಕೆ ಮಾಡಿಸಿ, ಸ್ವರಗಳ ಗಾಂಭೀರ್ಯಕ್ಕಾಗಿ ಅದನ್ನು ಹಾಡಿಸಿದರು. ಅಕ್ಷರಗಳನ್ನು ನಾದಕ್ಕೆ ತಕ್ಕಂತೆ ಮುರಿದು ಜೋಡಿಸಿರುವುದರಿಂದ ಅನ್ವಯ ಹಚ್ಚಲು ಹೋದವರಿಗೆ ಅರ್ಥ ಸಿಗದು. ಆದರೆ ನಾದ ಮೈ ನವಿರೇಳಿಸುತ್ತದೆ. ಚಿತ್ರವನ್ನು ಹಳಿದವರೂ ಈ ಗಾನವನ್ನು ಹಳಿಯಲಿಲ್ಲ.

ಆದರೆ ಹಳಿಯುವ ಭರದಲ್ಲಿ ಮನುಷ್ಯರಿಗೆ ಗಾಯವಾಯಿತು. ಜಾರ್ ಜಾರ್ ಬಿಂಕ್ಸ್ ಎಂಬ ವಿದೂಷಕ ಪಾತ್ರ, ಪೂರ್ತಿಯಾಗಿ ಗಣಕಯಂತ್ರದಲ್ಲಿ ರೂಪುಗೊಂಡ ಪ್ರಮುಖ ಪಾತ್ರಗಳಲ್ಲಿ ಮೊದಮೊದಲಿನದು. ಅದಕ್ಕೆ ಚಲನವಲನ ಮತ್ತು ಧ್ವನಿ ಕೊಟ್ಟ ತರುಣ ನಟ ಅಹ್ಮದ್ ಬೆಸ್ಟ್ ಮೇಲೆ ದ್ವೇಷದ ಮಳೆಯೇ ಸುರಿಯಿತು. ಆ ನಿಂದೆಯ ಭಾರದಿಂದ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ತಾವು ಹೋಗಿದ್ದುದಾಗಿ ಅವರು ೨೦೧೮ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಬಾಲಕ ಆನಕಿನನಾಗಿ ಅಭಿನಯಿಸಿದ ಹುಡುಗನನ್ನು ಶಾಲೆಯ ಸಹಪಾಠಿಗಳೇ ಗೇಲಿಮಾಡಿ ನೋಯಿಸಿದರು. ಪಾತ್ರ ಹಿಡಿಸದಿದ್ದರೆ ಪಾತ್ರವನ್ನು ಟೀಕಿಸಬೇಕು. ವೇಷ ಕಳಚಿ ಮನೆಗೆ ಹೊರಟವನ ಬೆನ್ನಟ್ಟುವುದು ವಿಮರ್ಶೆಯಲ್ಲ. ಮಕ್ಕಳಿಗೆ ಪಾಠ ಹೇಳುವವರಿಗೆ ಈ ಸಂಗತಿ ಕಥೆಗಿಂತ ಹೆಚ್ಚು ಚುಚ್ಚುತ್ತದೆ.

೨೦೦೨ರಲ್ಲಿ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’, ೨೦೦೫ರಲ್ಲಿ ‘ರಿವೆಂಜ್ ಆಫ್ ದಿ ಸಿತ್’ ಬಂದುವು. ಎರಡನೆಯದು ಉದಾತ್ತನ ಪತನದ ಕಥೆ: ಪ್ರೀತಿಸಿದವಳನ್ನು ಕಳೆದುಕೊಂಡೇನೆಂಬ ಭಯದಿಂದಲೇ ಆನಕಿನ್ ಅಧರ್ಮದ ಕೈಹಿಡಿದು, ಕೊನೆಗೆ ಅವಳನ್ನೂ ತನ್ನನ್ನೂ ಕಳೆದುಕೊಳ್ಳುತ್ತಾನೆ. ಇಲ್ಲಿಂದ ಇನ್ನೊಂದು ಚರ್ಚೆ ಹುಟ್ಟಿತು. ಹೊಸದಾಗಿ ನೋಡುವವರು ಕಥೆಯ ಕಾಲಕ್ರಮದಲ್ಲಿ ನೋಡಬೇಕೋ, ಬಿಡುಗಡೆಯಾದ ಕ್ರಮದಲ್ಲೋ? ಕಾಲಕ್ರಮದಲ್ಲಿ ನೋಡಿದರೆ ಒಬ್ಬ ತಂದೆಯ ಪತನ ಮತ್ತು ಉದ್ಧಾರದ ಅಖಂಡ ಕಥೆ ದೊರೆಯುತ್ತದೆ. ಆದರೆ ವೇಡರನೇ ತಂದೆಯೆಂಬ ೧೯೮೦ರ ಗುಟ್ಟು ಮೊದಲೇ ರಟ್ಟಾಗುತ್ತದೆ. ಬಿಡುಗಡೆಯ ಕ್ರಮದಲ್ಲಿ ಗುಟ್ಟು ಉಳಿಯುತ್ತದೆ. ಆದರೆ ಕಥೆ ಹಿಂದುಮುಂದಾಗುತ್ತದೆ. ಕೃತಿಗಳು ಒಂದರ ಪಕ್ಕ ಒಂದು ನಿಂತಾಗ ಹೊಸದು ಹಳೆಯದರ ಅರ್ಥವನ್ನೂ ಬದಲಿಸಿಬಿಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆ?

೨೦೧೨ರ ಅಕ್ಟೋಬರಿನಲ್ಲಿ ಲೂಕಾಸ್ ತಮ್ಮ ಸಂಸ್ಥೆಯನ್ನು ಡಿಸ್ನಿ ಕಂಪೆನಿಗೆ ಸುಮಾರು ೪೦೫ ಕೋಟಿ ಡಾಲರುಗಳಿಗೆ ಮಾರಲೊಪ್ಪಿದರು. ಕಥೆ ಕವಿಯ ಕೈಯನ್ನೂ ಬಿಟ್ಟಿತು. ೨೦೧೫ರಲ್ಲಿ ಜೆ. ಜೆ. ಏಬ್ರಮ್ಸ್ ನಿರ್ದೇಶಿಸಿದ ‘ದಿ ಫೋರ್ಸ್ ಅವೇಕನ್ಸ್’ ಬಂದಿತು. ಮತ್ತೆ ಮರಳುಗಾಡು, ಮತ್ತೆ ಅನಾಥೆಯೊಬ್ಬಳು, ಮತ್ತೆ ಗುಟ್ಟು ಹೊತ್ತ ಯಂತ್ರಮಾನವ, ಮತ್ತೆ ಗ್ರಹನಾಶಕ ಆಯುಧ. ಲೋಕದಾದ್ಯಂತ ಗಳಿಕೆ ೨೦೦ ಕೋಟಿ ಡಾಲರನ್ನು ಮೀರಿತು. ಆದರೆ ಇದು ೧೯೭೭ರ ಚಿತ್ರದ ಪಡಿಯಚ್ಚೆಂಬ ದೂರು ಬಂದಿತು. ೨೦೧೭ರಲ್ಲಿ ರಿಯಾನ್ ಜಾನ್ಸನ್ ನಿರ್ದೇಶಿಸಿದ ‘ದಿ ಲಾಸ್ಟ್ ಜೆಡೈ’ ಹಳೆಯ ಹಾದಿ ಬಿಟ್ಟು ನಡೆಯಿತು. ವೃದ್ಧ ಲ್ಯೂಕ್ ಇಲ್ಲಿ ಲೋಕಕ್ಕೆ ಬೆನ್ನುಹಾಕಿ ದ್ವೀಪ ಸೇರಿದ ನಿರಾಶನು. ಆಗ ಇದು ಹಳೆಯದಕ್ಕೆ ದ್ರೋಹವೆಂಬ ದೂರು ಬಂದಿತು. ಹಳೆಯದರಂತಿದ್ದರೆ ಪಡಿಯಚ್ಚು, ಹಳೆಯದರಂತಿಲ್ಲದಿದ್ದರೆ ದ್ರೋಹ! ಅತ್ತ ದರಿ, ಇತ್ತ ಪುಲಿ. ಆ ಚಿತ್ರದಲ್ಲಿ ಅಭಿನಯಿಸಿದ, ವಿಯೆಟ್ನಾಂ ಮೂಲದ ಕೆಲ್ಲಿ ಮೇರಿ ಟ್ರಾನ್ ಎಂಬ ನಟಿ ತನ್ನ ಹುಟ್ಟು, ರೂಪಗಳನ್ನು ಹಿಡಿದು ಆಡಿದ ನಿಂದೆಗಳಿಂದ ನೊಂದು ೨೦೧೮ರಲ್ಲಿ ಸಾಮಾಜಿಕ ಜಾಲದ ತನ್ನ ಬರಹ ಚಿತ್ರಗಳನ್ನೆಲ್ಲ ಅಳಿಸಿದಳು. ಇಪ್ಪತ್ತು ವರ್ಷದ ಹಿಂದಿನ ಪಾಠವನ್ನು ಆ ಕೆಲವರು ಕಲಿತಿರಲಿಲ್ಲ. ೨೦೧೯ರ ‘ದಿ ರೈಸ್ ಆಫ್ ಸ್ಕೈವಾಕರ್’ ಎಲ್ಲರನ್ನೂ ಮೆಚ್ಚಿಸಲು ಹೋಗಿ ಹಲವರನ್ನು ಮೆಚ್ಚಿಸದೆ ಮಾಲೆಯನ್ನು ಮುಗಿಸಿತು.

ಈಗ ಕಾಲಪುರುಷನ ಚಮತ್ಕಾರವನ್ನು ನೋಡಬೇಕು. ೧೯೯೯ರಲ್ಲಿ ಹತ್ತು ವರ್ಷದವರಾಗಿದ್ದ ಮಕ್ಕಳು ೨೦೨೨ರ ವೇಳೆಗೆ ಮೂವತ್ತಮೂರರ ಪ್ರಾಯಕ್ಕೆ ಬಂದರು. ಅವರಿಗೆ ‘ಹಳೆಯ ಒಳ್ಳೆಯ ಚಿತ್ರ’ವೆಂದರೆ, ಅವರ ತಂದೆಯರು ಹಳಿದಿದ್ದ ಆ ಮೂರು ಚಿತ್ರಗಳು! ಅಂದು ಮರಗಟ್ಟಿದ ಅಭಿನಯವೆಂದು ಟೀಕೆಗೆ ಗುರಿಯಾಗಿದ್ದ ಹೇಡನ್ ಕ್ರಿಸ್ಟೆನ್ಸೆನ್ ೨೦೨೨ರ ‘ಓಬಿ-ವಾನ್ ಕೆನೋಬಿ’ ಧಾರಾವಾಹಿಯಲ್ಲಿ ಆನಕಿನನಾಗಿ ಮರಳಿದಾಗ ಅದೇ ರಸಿಕಲೋಕ ಹರ್ಷದಿಂದ ಸ್ವಾಗತಿಸಿತು. ೨೦೨೩ರಲ್ಲಿ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿಯ ಒಂದು ಕಂತಿನಲ್ಲಿ ಶಿಶುವೊಂದನ್ನು ಶತ್ರುಗಳಿಂದ ಪಾರುಮಾಡುವ ವೀರನಾಗಿ ಕಾಣಿಸಿಕೊಂಡವರು ಅಹ್ಮದ್ ಬೆಸ್ಟ್. ಒಂದು ಕಾಲಕ್ಕೆ ಅವರನ್ನು ಅಳಿಸಿದ ಜನ ಆಗ ಕೈಚಪ್ಪಾಳೆ ಕೊಟ್ಟರು. ‘ರಿವೆಂಜ್ ಆಫ್ ದಿ ಸಿತ್’ ಇಪ್ಪತ್ತು ವರ್ಷ ತುಂಬಿದ ನೆನಪಿಗೆ ೨೦೨೫ರ ಏಪ್ರಿಲ್‌ನಲ್ಲಿ ಮತ್ತೆ ಬಿಡುಗಡೆಯಾದಾಗ ಚಿತ್ರಮಂದಿರಗಳು ತುಂಬಿದುವು.

ಹಾಗಾದರೆ ಶ್ರೇಷ್ಠತೆಯೆಂಬುದೇ ಇಲ್ಲವೆ, ಎಲ್ಲವೂ ಹತ್ತನೆಯ ವಯಸ್ಸಿನ ಮಾಯೆಯೆ? ಹಾಗೆನ್ನುವುದು ಸೋಮಾರಿಗಳ ಸಮಾಧಾನ. ಈ ವ್ಯಾಜ್ಯದಲ್ಲಿ ಮೂರು ಎಳೆಗಳು ಹೊಸೆದುಕೊಂಡಿವೆ; ಅವನ್ನು ಬಿಡಿಸಿಟ್ಟರೆ ವಿಷಯ ತಿಳಿಯಾಗುತ್ತದೆ. ಒಂದು, ನೆನಪು. ನಾವು ಚಿಕ್ಕಂದಿನಲ್ಲಿ ಕಂಡದ್ದರ ಮೇಲೆ ನಮ್ಮ ಬಾಲ್ಯದ ಬೆಳಕು ಬಿದ್ದಿರುತ್ತದೆ. ಆ ಬೆಳಕು ಕೃತಿಯದಲ್ಲ, ನಮ್ಮದು. ಅದಕ್ಕಾಗಿ ಇನ್ನೊಬ್ಬರೊಡನೆ ವಾದಿಸುವುದು ವ್ಯರ್ಥ. ಎರಡು, ಕುಸುರಿ. ಇದನ್ನು ಪರೀಕ್ಷಿಸಬಹುದು. ೧೯೮೦ರ ಚಿತ್ರದ ಮಾತು ಕತ್ತರಿಸಿದಂತಿದೆ, ೨೦೦೨ರ ಚಿತ್ರದ ಪ್ರಣಯ ಸಂಭಾಷಣೆ ಪೇಲವವಾಗಿದೆ ಎಂದರೆ ದೃಶ್ಯವನ್ನು ಮುಂದಿಟ್ಟು ತೋರಿಸಿಕೊಡಬಹುದು. ಅದೇ ಬಗೆಯಲ್ಲಿ ೨೦೦೫ರ ಚಿತ್ರದ ಕಥಾವಸ್ತು ೧೯೮೩ರ ಚಿತ್ರದ್ದಕ್ಕಿಂತ ಗಂಭೀರವೆಂಬುದನ್ನೂ ಸಾಧಿಸಬಹುದು. ೧೯೮೦ರ ಚಿತ್ರ ತನ್ನ ಕಾಲದ ಅಸಮಾಧಾನವನ್ನು ದಾಟಿ ಮೇಲೆ ಬಂದುದು ಈ ಎಳೆಯ ಬಲದಿಂದ. ಮೂರು, ಒಡೆತನ. ಕರ್ತೃವಿಗೆ ತಿದ್ದುವ ಹಕ್ಕುಂಟು. ಆದರೆ ಹಿಂದೆ ಕೊಟ್ಟದ್ದನ್ನು ಜನರ ಕೈಯಿಂದ ಕಿತ್ತುಕೊಂಡು, ಅದು ಇರಲೇ ಇಲ್ಲವೆನ್ನುವ ಹಕ್ಕು ಉಂಟೆಂದು ನನಗೆ ತೋರುವುದಿಲ್ಲ. ೧೯೭೭ರಲ್ಲಿ ಜನ ನೋಡಿದ ಚಿತ್ರ ಆ ವರ್ಷದ ಇತಿಹಾಸಕ್ಕೆ ಸೇರಿದುದು. ಇತಿಹಾಸವನ್ನು ವ್ಯಾಖ್ಯಾನಿಸಬಹುದು, ಅಳಿಸಬಾರದು.

೨೦೨೫ರ ಜೂನ್ ತಿಂಗಳಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸಿದ ಉತ್ಸವವೊಂದು, ಆ ಸಂಸ್ಥೆ ಜೋಪಾನವಾಗಿಟ್ಟಿದ್ದ ೧೯೭೭ರ ಬಣ್ಣಗೆಡದ ಫಿಲ್ಮ್ ಪ್ರತಿಯನ್ನೇ ಓಡಿಸಿ ಆರಂಭವ��ಯಿತು. ಯಾವ ತಿದ್ದುಪಡಿಯೂ ಇಲ್ಲದ ಮೂಲಪಾಠ ಅದು. ನೌಕೆಯ ಸುತ್ತಲಿನ ಅಂಚು ಅಲ್ಲಲ್ಲಿ ಕಾಣುವುದನ್ನೂ, ಹ್ಯಾನ್ ಸೋಲೋ ತಾನೇ ಗುಂಡು ಹಾರಿಸುವುದನ್ನೂ, ಮುದುಕರಾದವರೂ ತರುಣರೂ ಒಂದೇ ಕತ್ತಲಲ್ಲಿ ಕುಳಿತು ನೋಡಿದರು. ತಮ್ಮ ಮನೆಯಲ್ಲಿಯೂ ಇಂಥ ವಾದ ನಡೆಯದಿರದು; ಮಗನಿಗೆ ಹಿಡಿಸಿದ ಹಾಡು ತಂದೆಗೆ ಗದ್ದಲ, ತಂದೆಗೆ ಹಿಡಿಸಿದ ಹಾಡು ಮಗನಿಗೆ ಆಕಳಿಕೆ. ವಾದ ನಡೆಯಲಿ, ಅದರಿಂದ ರುಚಿ ಬೆಳೆಯುತ್ತದೆ. ಆದರೆ ಹಳೆಯ ಪ್ರತಿಯನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟಿರಿ. ಹೊಸದನ್ನು ಅದರ ಪಕ್ಕದಲ್ಲಿಡಿ. ಹಾಡಿದವರನ್ನೂ ಆಡಿದವರನ್ನೂ ನೋಯಿಸಬೇಡಿ. ಉಳಿದ ತೀರ್ಪನ್ನು ಈಗ ಹತ್ತು ವರ್ಷದವರಾಗಿರುವ ಮಕ್ಕಳು ಮುಂದೆ ಬರೆಯುತ್ತಾರೆ.